ತಿಳಿದುದು ಹೇಗೆ ತಿಳಿಯಿತು? – ಹಳ್ಳಿಯ ಗ್ರಂಥಾಲಯದಲ್ಲಿ ಕಲಿಸಬೇಕಾದ ಒಂದು ವಿದ್ಯೆ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ಆದಿಕವಿ ಪಂಪನ ಹೆಸರಿನಿಂದಲೂ ಅಮೃತೇಶ್ವರ ದೇವಾಲಯದಿಂದಲೂ ನಾಡಿಗೆಲ್ಲ ಪರಿಚಿತವಾದ ಊರು. 2010ರಲ್ಲಿ ಅದು ಬೇರೊಂದು ಕಾರಣದಿಂದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಚರಂಡಿಯ ಕೆಲಸ ನಡೆದಿದ್ದಾಗ ಮಣ್ಣಿನೊಳಗೆ ಮನುಷ್ಯರ ತಲೆಬುರುಡೆಗಳು ಕಾಣಿಸಿಕೊಂಡವು. ಅಗೆದಂತೆಲ್ಲ ಇನ್ನಷ್ಟು ದೊರೆತು ಅವುಗಳ ಎಣಿಕೆ ನೂರುಗಳನ್ನು ಮುಟ್ಟಿತು. ಊರಿಗೆ ಊರೇ ಬಂದು ನೋಡಿತು. ಶಾಲೆಯ ಮಕ್ಕಳೂ ಬಂದು ನೋಡಿದರು.

ಇವರು ಯಾರು? ಯಾವಾಗ ಸತ್ತರು? ಹೇಗೆ ಸತ್ತರು? ಈ ಪ್ರಶ್ನೆಗಳು ಯಾರ ಮನಸ್ಸಿನಲ್ಲಿಯೂ ಏಳತಕ್ಕವೇ. ಉತ್ತರಗಳಿಗೂ ಕೊರತೆಯಿರಲಿಲ್ಲ. ಯಾವುದೋ ಯುದ್ಧದಲ್ಲಿ ಮಡಿದವರೆಂದು ಕೆಲವರು ಹೇಳಿದರು. ಹದಿನೆಂಟನೆಯ ಶತಮಾನದ ಕೊನೆಗೆ ಈ ಸೀಮೆಯನ್ನು ಬಡಿದ ಡೋಗಿ ಬರದಲ್ಲಿ, ಎಂದರೆ ತಲೆಬುರುಡೆಯ ಬರವೆಂದೇ ಹೆಸರಾದ ಕ್ಷಾಮದಲ್ಲಿ, ಹಸಿವಿನಿಂದ ಸತ್ತವರೆಂದು ಮತ್ತೆ ಕೆಲವರು ಊಹಿಸಿದರು. ಬುರುಡೆಗಳ ಮಾದರಿಗಳನ್ನು ಇಂಗಾಲದ ಮೂಲಕ ಕಾಲ ನಿರ್ಣಯಿಸುವ ಪರೀಕ್ಷೆಗೆ ಕಳುಹಿಸಲಾಯಿತು.

ಇಂಥ ಸಂದರ್ಭದಲ್ಲಿ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ತನ್ನ ಗುರುಗಳನ್ನು, “ಸರ್, ಇದರಾಗ ಯಾವುದು ಖರೇ?” ಎಂದು ಕೇಳಿದಳೆಂದು ಭಾವಿಸೋಣ. ಗುರುಗಳು ತಮಗೆ ತೋಚಿದ ಒಂದು ಉತ್ತರವನ್ನು ಹೇಳಿ ಅವಳನ್ನು ಸುಮ್ಮನಾಗಿಸಬಹುದು. ಇಲ್ಲವೇ, “ಬಾ, ಹುಡುಕೋಣ” ಎಂದು ಪುಸ್ತಕದ ಕಪಾಟಿನ ಕಡೆಗೆ ಕರೆದೊಯ್ಯಬಹುದು. ಮೊದಲನೆಯ ದಾರಿಯಲ್ಲಿ ಅವಳಿಗೆ ಒಂದು ಉತ್ತರ ದೊರೆಯುತ್ತದೆ. ಎರಡನೆಯದರಲ್ಲಿ ಉತ್ತರವನ್ನು ಪಡೆಯುವ ವಿದ್ಯೆ ದೊರೆಯುತ್ತದೆ. ಈ ವಿದ್ಯೆಯನ್ನು ಕುರಿತೇ ಈ ಲೇಖನ.

ಗ್ರಂಥಾಲಯವೆಂದರೇನು?

ಗ್ರಂಥಾಲಯವೆಂದೊಡನೆ ಪುಸ್ತಕಗಳನ್ನು ಕೂಡಿಟ್ಟ ಕೋಣೆಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅನೇಕ ಶಾಲೆಗಳಲ್ಲಿ ಅದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿರುವ ಬೀಗ ಹಾಕಿದ ಕಬ್ಬಿಣದ ಕಪಾಟು. ಒಂದು ಪುಸ್ತಕ ಕಳೆದರೆ ತಾವೇ ಬೆಲೆ ತೆರಬೇಕಾದೀತೆಂಬ ಅಂಜಿಕೆಯಿಂದ ಅದನ್ನು ತೆರೆಯಲು ಶಿಕ್ಷಕರು ಹಿಂಜರಿಯುವುದು ಸಹಜವಾಗಿದೆ. ಆದರೆ ಪುಸ್ತಕಗಳಿರುವುದು ಬಳಕೆಗಾಗಿ ಎಂಬುದನ್ನೇ ಗ್ರಂಥಾಲಯಶಾಸ್ತ್ರದ ಮೊದಲ ಸೂತ್ರವನ್ನಾಗಿ ಮಾಡಿದವರು ಎಸ್. ಆರ್. ರಂಗನಾಥನ್ ಅವರು. ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳು ಇಂದಿಗೂ ಜಗತ್ತಿನಾದ್ಯಂತ ಮಾನ್ಯವಾಗಿವೆ. ಅದೇ ವರ್ಷ ತಂಜಾವೂರು ಸೀಮೆಯ ಮನ್ನಾರ್‌ಗುಡಿಯ ಬಳಿ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ತುಂಬಿ ಊರೂರಿಗೆ ಒಯ್ಯುವ ಸಂಚಾರಿ ಗ್ರಂಥಾಲಯವನ್ನು ಅವರು ಉದ್ಘಾಟಿಸಿದರು. ನಮ್ಮ ಕಡೆಯ ಚಕ್ಕಡಿಯಂತಹ ಬಂಡಿಯೇ ಅಲ್ಲಿ ಗ್ರಂಥಾಲಯವಾಯಿತು. 1957ರಿಂದ ರಂಗನಾಥನ್ ಅವರು ಬೆಂಗಳೂರಿನಲ್ಲಿ ನೆಲೆಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರಲ್ಲಿ ಬಂತು.

ಈ ಕಾಯಿದೆಯ ಫಲ ಇಂದು ಹಳ್ಳಿಯವರೆಗೂ ಹರಿದಿದೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಮಿಕ್ಕಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳುವ ಕಾರ್ಯ ನಡೆಯಿತು. ‘ಅರಿವು ಕೇಂದ್ರ’ ಎಂಬ ಹೆಸರೂ ಇವುಗಳಿಗೆ ಬಂದಿದೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕುಗಳ ಹಳ್ಳಿಯ ಹುಡುಗನಿಗೆ ಧಾರವಾಡದ ದೊಡ್ಡ ಗ್ರಂಥಾಲಯಗಳು ದೂರವಾದರೂ ಪಂಚಾಯಿತಿಯ ಕೋಣೆ ಹತ್ತಿರದಲ್ಲಿದೆ. ಬಾಗಿಲು ತೆರೆಯಿತು ನಿಜ. ಆದರೆ ಒಳಗೆ ಹೋದ ಮಗು ಮಾಡಬೇಕಾದುದೇನೆಂಬುದನ್ನು ಯಾರಾದರೂ ಕಲಿಸಲೇಬೇಕು. ಈಜು ಕಲಿಯದವನಿಗೆ ಕೆರೆಯನ್ನು ತೋರಿಸಿದ ಮಾತ್ರಕ್ಕೆ ಈಜು ಬಂದೀತೆ?

ಬೇಕಾದ ಮಾಹಿತಿಯನ್ನು ಗುರುತಿಸಿ, ಹುಡುಕಿ, ತೂಗಿ ನೋಡಿ, ಬಳಸುವ ಈ ಸಾಮರ್ಥ್ಯಕ್ಕೆ ‘ಮಾಹಿತಿ ಸಾಕ್ಷರತೆ’ ಎಂದು ಹೆಸರು. 1974ರಲ್ಲಿ ಅಮೆರಿಕೆಯ ಪಾಲ್ ಝುರ್ಕೋವ್‌ಸ್ಕಿ ಎಂಬುವರು ಈ ಮಾತನ್ನು ಮೊದಲಿಗೆ ಬಳಕೆಗೆ ತಂದರು. ಅಕ್ಷರ ಬಲ್ಲವರೆಲ್ಲರೂ ಈ ಸಾಕ್ಷರತೆಯನ್ನು ಪಡೆದಿರುವರೆಂದು ಹೇಳಲಾಗದು. ಇದರ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡೋಣ.

ಮೊದಲ ಮೆಟ್ಟಿಲು: ಸರಿಯಾದ ಪದ

ಹುಡುಕಾಟವು ಪದದಿಂದ ಆರಂಭವಾಗುತ್ತದೆ. ಕುಂದಗೋಳದ ಹುಡುಗನು ಶೇಂಗಾ ಬೆಳೆಯ ವಿಷಯವನ್ನು ತಿಳಿಯಬೇಕೆಂದು ಪುಸ್ತಕವೊಂದರ ಅಕಾರಾದಿಯಲ್ಲಿ ‘ಶ’ ಅಕ್ಷರವನ್ನು ತೆರೆಯುತ್ತಾನೆ. ಅಲ್ಲಿ ಅದು ಇಲ್ಲ. ಪುಸ್ತಕ ಬರೆದವರು ಮೈಸೂರು ಕಡೆಯವರಾದರೆ ಅವರಿಗೆ ಅದು ಕಡಲೆಕಾಯಿ, ಮತ್ತೊಬ್ಬರಿಗೆ ನೆಲಗಡಲೆ. ಇತ್ತ ಹುಡುಗನು ‘ಕಡಲೆ’ ಎಂಬ ಪದವನ್ನು ನೋಡಿದರೆ ಹಿಂಗಾರಿನಲ್ಲಿ ಎರೆಹೊಲದಲ್ಲಿ ಬೆಳೆಯುವ, ‘ಅಣ್ಣಿಗೇರಿ-1’ ಎಂಬ ತಳಿಯಿಂದ ಹೆಸರಾದ, ಬೇರೆಯೇ ಒಂದು ಕಾಳಿನ ವಿವರ ಅವನಿಗೆ ಸಿಗುತ್ತದೆ. ಪುಸ್ತಕದಲ್ಲಿ ವಿಷಯವಿದ್ದೂ ಅವನು ಬರಿಗೈಯಲ್ಲಿ ಮರಳುತ್ತಾನೆ. ಆದುದರಿಂದ ಒಂದು ವಸ್ತುವಿಗೆ ನಾಡಿನ ಬೇರೆ ಬೇರೆ ಕಡೆ ಇರುವ ಹೆಸರುಗಳನ್ನು, ಗ್ರಾಂಥಿಕ ಹೆಸರನ್ನು, ಸಾಧ್ಯವಾದರೆ ಇಂಗ್ಲಿಷ್ ಹೆಸರನ್ನು ಹುಡುಕುವ ಮೊದಲೇ ಬರೆದುಕೊಳ್ಳುವ ಅಭ್ಯಾಸ ಮಾಡಿಸಬೇಕು.

ಎರಡನೆಯ ತೊಡಕು ಅಕ್ಷರಕ್ರಮದ್ದು. ವರ್ಣಮಾಲೆಯನ್ನು ಬಾಯಿಪಾಠ ಒಪ್ಪಿಸುವ ಮಗುವೂ ನಿಘಂಟಿನ ಮುಂದೆ ತಡವರಿಸುವುದುಂಟು. ‘ಜ್ಞಾನ’ ಎಂಬುದನ್ನು ನಮ್ಮಲ್ಲಿ ಗ್ಯಾನವೆಂದೋ ಗ್ನಾನವೆಂದೋ ಉಚ್ಚರಿಸುವವರು ಹಲವರು. ಹಾಗೆ ಕೇಳಿದ ಮಗು ಅದನ್ನು ‘ಗ’ಕಾರದಲ್ಲಿ ಹುಡುಕಿದರೆ ಆಶ್ಚರ್ಯವಿಲ್ಲ. ‘ಕ್ಷಾಮ’ವು ವರ್ಣಮಾಲೆಯ ಕೊನೆಯಲ್ಲಿರುವುದೆಂದು ಮಗು ತಿಳಿದಿರುತ್ತದೆ, ನಿಘಂಟಿನಲ್ಲಾದರೋ ಅದು ‘ಕ’ಕಾರದ ಒತ್ತಕ್ಷರಗಳ ಸಾಲಿನಲ್ಲಿ ಕುಳಿತಿರುತ್ತದೆ. ಬಿಂದುವುಳ್ಳ ಪದಗಳನ್ನು ಎಲ್ಲಿ ಇಟ್ಟಿರುವರೆಂಬುದನ್ನು ಆಯಾ ಪುಸ್ತಕದ ಪೀಠಿಕೆಯಲ್ಲಿ ನೋಡಿಕೊಳ್ಳಬೇಕು. ಹತ್ತು ಚೀಟಿಗಳ ಮೇಲೆ ಹತ್ತು ಪದಗಳನ್ನು ಬರೆದು, ನಿಘಂಟಿನ ಕ್ರಮದಲ್ಲಿ ಜೋಡಿಸುವ ಆಟವನ್ನು ವಾರಕ್ಕೊಮ್ಮೆ ಆಡಿಸಿದರೆ ಈ ತೊಡಕು ಒಂದೆರಡು ತಿಂಗಳುಗಳಲ್ಲಿ ನಿವಾರಣೆಯಾಗುತ್ತದೆ.

ಎರಡನೆಯ ಮೆಟ್ಟಿಲು: ಪುಸ್ತಕದ ಸ್ಥಾನ

ಪದ ದೊರೆತ ಮೇಲೆ ಪುಸ್ತಕ ಎಲ್ಲಿದೆಯೆಂಬ ಪ್ರಶ್ನೆ. ಅಮೆರಿಕೆಯ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣದಲ್ಲಿ ಸಮಸ್ತ ಜ್ಞಾನವನ್ನೂ ಹತ್ತು ವರ್ಗಗಳಾಗಿ, ಪ್ರತಿಯೊಂದು ವರ್ಗವನ್ನೂ ಮತ್ತೆ ಹತ್ತಾಗಿ, ಹೀಗೆ ಒಳಗೊಳಗೆ ಹಂಚಲಾಗಿದೆ. 600 ಎಂದರೆ ಅನ್ವಿತ ವಿಜ್ಞಾನ, ಅದರೊಳಗೆ 630 ಬೇಸಾಯ, 633 ಹೊಲದ ಬೆಳೆಗಳು, 633.5 ನಾರಿನ ಬೆಳೆಗಳು, 633.51 ಹತ್ತಿ. ಊರಿನಿಂದ ಓಣಿಗೆ, ಓಣಿಯಿಂದ ಮನೆಗೆ ವಿಳಾಸವು ಕಿರಿದಾಗುತ್ತ ಹೋಗುವಂತೆಯೇ ಇದು.

ಆದರೆ ಇಲ್ಲಿ ಮಗುವು ಕಲಿಯಬೇಕಾದ ಒಂದು ಸೂಕ್ಷ್ಮವಿದೆ. ನವಲಗುಂದದ ಹೆಸರುವಾಸಿಯಾದ ಜಮಖಾನವು ಹತ್ತಿಯ ನೂಲಿನದು. ಹತ್ತಿಯನ್ನು ಬೆಳೆಯುವುದರ ಪುಸ್ತಕ 633.51ರಲ್ಲಿದ್ದರೆ, ನೂಲು ಮತ್ತು ಬಟ್ಟೆಯ ತಯಾರಿಕೆಯ ಪುಸ್ತಕ 677ರಲ್ಲಿಯೂ, ನೆಯ್ಗೆಯನ್ನು ಕಲೆಯೆಂದು ವಿವರಿಸುವ ಪುಸ್ತಕ 746ರಲ್ಲಿಯೂ ಇರುತ್ತದೆ. ವಸ್ತು ಒಂದೇ, ಅದನ್ನು ನೋಡುವ ದೃಷ್ಟಿ ಮೂರು, ಆದುದರಿಂದ ಸ್ಥಾನವೂ ಮೂರು. “ಜಮಖಾನದ ಬಗ್ಗೆ ಬೇಕು” ಎಂದರೆ ಸಾಲದು. ಅದರ ಬಗ್ಗೆ ಏನು ಬೇಕೆಂಬುದನ್ನು ಮೊದಲು ತಾನೇ ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಹೀಗೆ ವರ್ಗೀಕರಣವು ಪ್ರಶ್ನೆಯನ್ನು ತಿದ್ದುವ ಸಾಧನವೂ ಆಗುತ್ತದೆ.

1933ರಲ್ಲಿ ರಂಗನಾಥನ್ ಅವರು ಹೊರತಂದ ದ್ವಿಬಿಂದು ವರ್ಗೀಕರಣವು ಈ ಅಂಶವನ್ನು ಇನ್ನೂ ಮುಂದಕ್ಕೆ ಒಯ್ಯಿತು. ಯಾವ ವಿಷಯವನ್ನೇ ಆಗಲಿ ಮುಖಗಳಾಗಿ ಬಿಡಿಸಿ, ಮತ್ತೆ ಜೋಡಿಸುವುದು ಅವರ ರೀತಿ. ಶಾಲೆಯ ಮಗುವಿಗೆ ಅವರ ಸಂಕೇತಗಳು ಬೇಡ. ಆದರೆ ಅವರ ಉಪಾಯ ಬಹಳ ಉಪಯುಕ್ತವಾದುದು. “ಕಡಲೆಗೆ ರೋಗ ಬಂದಿದೆ” ಎಂಬ ಮನೆಯ ಮಾತನ್ನು ತೆಗೆದುಕೊಳ್ಳಿ. ಯಾವ ಬೆಳೆ? ಕಡಲೆ. ಅದರ ಯಾವ ತೊಂದರೆ? ಸೊರಗು ರೋಗ. ಏನು ಮಾಡಬೇಕು? ತಡೆಯಬೇಕು. ಎಲ್ಲಿ? ಕಪ್ಪು ಮಣ್ಣಿನ ಸೀಮೆಯಲ್ಲಿ. ಯಾವಾಗ? ಹಿಂಗಾರಿನಲ್ಲಿ. ಈ ಐದು ತುಣುಕುಗಳು ಕೈಗೆ ಬಂದೊಡನೆ ಮಸುಕಾಗಿದ್ದ ಮಾತು ಹುಡುಕಬಲ್ಲ ಪ್ರಶ್ನೆಯಾಗುತ್ತದೆ.

ಕಪಾಟಿನಲ್ಲಿ ನೂರೇ ಪುಸ್ತಕಗಳಿದ್ದರೂ ಈ ಪಾಠಕ್ಕೆ ಅಡ್ಡಿಯಿಲ್ಲ. ಅವುಗಳನ್ನೆಲ್ಲ ಜಮಖಾನದ ಮೇಲೆ ಹರಡಿ, ಮಕ್ಕಳಿಂದಲೇ ಗುಂಪು ಮಾಡಿಸಬೇಕು. ಪ್ರತಿ ಗುಂಪಿಗೂ ಒಂದು ಬಣ್ಣದ ಚೀಟಿ ಅಂಟಿಸಬೇಕು. ಹಾವಿನ ಕಥೆಯ ಪುಸ್ತಕವು ಕಥೆಗಳ ಜೊತೆಗೋ, ಪ್ರಾಣಿಗಳ ಜೊತೆಗೋ ಎಂದು ಅವರು ಜಗಳವಾಡಿದಾಗ ವರ್ಗೀಕರಣದ ಮರ್ಮ ಅವರಿಗೆ ತಾನಾಗಿಯೇ ಹೊಳೆಯುತ್ತದೆ.

ಮೂರನೆಯ ಮೆಟ್ಟಿಲು: ಪುಸ್ತಕವನ್ನು ವಿಚಾರಿಸುವುದು

ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದು ಒಂದು ಬಗೆ. ಬೇಕಾದ ವಿಷಯಕ್ಕಾಗಿ ಅದನ್ನು ವಿಚಾರಿಸುವುದು ಇನ್ನೊಂದು ಬಗೆ. ಪರಿವಿಡಿಯು ಗ್ರಂಥದ ಯೋಜನೆಯನ್ನು ತಿಳಿಸುತ್ತದೆ. ಕೊನೆಯ ಪದಸೂಚಿಯು ಒಂದೊಂದು ಸಂಗತಿಯಿರುವ ಪುಟವನ್ನು ತೋರಿಸುತ್ತದೆ. ಶೀರ್ಷಿಕೆಯ ಪುಟವೂ ಅದರ ಹಿಂಬದಿಯೂ ಬರೆದವರು ಯಾರು, ಪ್ರಕಟಿಸಿದವರು ಯಾರು, ಯಾವ ವರ್ಷ ಎಂಬುದನ್ನು ಹೇಳುತ್ತವೆ. ಈ ಪುಟವನ್ನು ಹಾರಿಸಿ ಓದುವುದು, ಹೆಸರು ಕೇಳದೆ ಅಪರಿಚಿತನ ಮಾತನ್ನು ನಂಬಿದಂತೆ.

ಅಣ್ಣಿಗೇರಿಯ ನಮ್ಮ ಹುಡುಗಿಯ ಬಳಿಗೆ ಮರಳೋಣ. ಧಾರವಾಡ ಜಿಲ್ಲೆಯ ಗ್ಯಾಸೆಟಿಯರ್ ಮುಂಬಯಿ ಪ್ರಾಂತದ ಗ್ಯಾಸೆಟಿಯರ್ ಮಾಲೆಯ 22ನೆಯ ಸಂಪುಟವಾಗಿ 1884ರಲ್ಲಿ ಪ್ರಕಟವಾಯಿತು. ಜಿಲ್ಲೆಯ ಹಿಂದಿನ ಬರಗಾಲಗಳ ವೃತ್ತಾಂತವೂ ಅದರಲ್ಲಿ ಸೇರಿದೆ. ಈಗ ಅದು ಅಂತರ್ಜಾಲದಲ್ಲಿಯೂ ಓದಲು ದೊರೆಯುತ್ತದೆ. ಗುರುಗಳ ನೆರವಿನಿಂದ ಅವಳು ಅದನ್ನು ತೆರೆದಳೆನ್ನೋಣ. ಡೋಗಿ ಬರ ಬಂದುದು 1791–92ರ ಸುಮಾರಿಗೆ. ಪುಸ್ತಕ ಅಚ್ಚಾದುದು 1884ರಲ್ಲಿ. ನಡುವೆ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಅಂತರ. ಬರೆಸಿದವರು ಬ್ರಿಟಿಷ್ ಸರಕಾರದ ಅಧಿಕಾರಿಗಳು. ಬರ ಬಿದ್ದಾಗ ಈ ಸೀಮೆ ಅವರ ಆಳ್ವಿಕೆಯಲ್ಲಿರಲಿಲ್ಲ. ಹಾಗಿದ್ದರೆ ಅವರಿಗೆ ತಿಳಿದುದು ಹೇಗೆ? ಹಳೆಯ ಕಾಗದಪತ್ರಗಳಿಂದಲೋ, ಜನರ ನೆನಪಿನಿಂದಲೋ? ಹೀಗೆ ಕೇಳುವುದರಿಂದ ಪುಸ್ತಕದ ಮರ್ಯಾದೆ ಕುಂದುವುದಿಲ್ಲ. ಸಾಕ್ಷಿಯು ಘಟನೆಯಿಂದ ಎಷ್ಟು ದೂರ ನಿಂತು ಮಾತಾಡುತ್ತಿದೆ ಎಂಬುದು ಮಾತ್ರ ಸ್ಪಷ್ಟವಾಗುತ್ತದೆ.

ನಾಲ್ಕನೆಯ ಮೆಟ್ಟಿಲು: ಹೇಗೆ ತಿಳಿಯಿತು?

ಪ್ರಯೋಗಶಾಲೆಯ ಉತ್ತರಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಇಂಗಾಲದಿಂದ ಕಾಲ ನಿರ್ಣಯಿಸುವ ವಿಧಾನವನ್ನು 1940ರ ದಶಕದ ಕೊನೆಯಲ್ಲಿ ಅಮೆರಿಕೆಯ ವಿಲ್ಲರ್ಡ್ ಲಿಬ್ಬಿ ರೂಪಿಸಿದನು. 1960ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಜೀವಿಗಳು ಬದುಕಿರುವಾಗ ಗಾಳಿ ಮತ್ತು ಆಹಾರದ ಮೂಲಕ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಇಂಗಾಲ-14ನ್ನು ಪಡೆಯುತ್ತಲೇ ಇರುತ್ತವೆ. ಸತ್ತ ಮೇಲೆ ಪೂರೈಕೆ ನಿಲ್ಲುತ್ತದೆ. ಇದ್ದುದು ಕ್ಷಯಿಸುತ್ತ ಹೋಗಿ ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಉಳಿದಿರುವುದನ್ನು ಅಳೆದರೆ ಸತ್ತು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಬಹುದು.

ಆದರೆ ಈ ಲೆಕ್ಕದ ಉತ್ತರವು ಒಂಟಿ ಅಂಕಿಯಾಗಿ ಬರುವುದಿಲ್ಲ. ಉದಾಹರಣೆಗೆ ‘600, ಅಧಿಕ ಅಥವಾ ನ್ಯೂನ 60 ವರ್ಷ’ ಎಂಬ ರೂಪದಲ್ಲಿ, ಅಳತೆಯ ಅನಿಶ್ಚಿತತೆಯೂ ಸೇರಿ ಬರುತ್ತದೆ. ಅಷ್ಟೇ ಅಲ್ಲದೆ, ವಾತಾವರಣದಲ್ಲಿ ಇಂಗಾಲ-14ರ ಪ್ರಮಾಣವು ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರಲಿಲ್ಲವಾದುದರಿಂದ, ಮರದ ಬೆಳವಣಿಗೆಯ ಬಳೆಗಳೇ ಮೊದಲಾದವುಗಳ ನೆರವಿನಿಂದ ಈ ಸಂಖ್ಯೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಸುಮಾರು 1650ರಿಂದ ಈಚಿನ ಮಾದರಿಗಳಲ್ಲಿ ಈ ತಿದ್ದುವಿಕೆಯು ಒಂದರ ಬದಲು ಹಲವು ಸಂಭಾವ್ಯ ಕಾಲಗಳನ್ನು ಕೊಡುತ್ತದೆ. ಡೋಗಿ ಬರದ ಕಾಲವು ಈ ತೊಡಕಿನ ಅವಧಿಯೊಳಗೇ ಬೀಳುವುದನ್ನು ಗಮನಿಸಬೇಕು. ಸುದ್ದಿಯ ತಲೆಬರಹದಲ್ಲಿ ‘ಅಧಿಕ ಅಥವಾ ನ್ಯೂನ’ ಎಂಬ ಭಾಗವು ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಅಂಕಿ ಮಾತ್ರ ಉಳಿದು, ಇಲ್ಲದ ಖಚಿತತೆಯನ್ನು ಹೊತ್ತು ಊರೆಲ್ಲ ಸುತ್ತುತ್ತದೆ.

ಆ ಹುಡುಗಿಯು ಭೌತಶಾಸ್ತ್ರವನ್ನೆಲ್ಲ ಅರಿಯಬೇಕಾಗಿಲ್ಲ. ಅಂಕಿಯೊಂದನ್ನು ಕಂಡಾಗ ‘ಇದನ್ನು ಅಳೆದವರು ಯಾರು? ಹೇಗೆ ಅಳೆದರು? ಎಷ್ಟು ತಪ್ಪಿರಬಹುದೆಂದು ಅವರೇ ಹೇಳಿದ್ದಾರೆಯೆ?’ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಯುದ್ಧ, ಬರ ಎಂಬ ಎರಡು ಉತ್ತರಗಳಲ್ಲಿ ಒಂದನ್ನು ಆತುರದಿಂದ ಹಿಡಿಯದೆ, ಪ್ರತಿಯೊಂದಕ್ಕೂ ಇರುವ ಆಧಾರವನ್ನು ಎದುರುಬದುರಾಗಿ ಬರೆದಿಡಲು ಅವಳು ಕಲಿತರೆ, ಪಾಠ ಸಾರ್ಥಕವಾಯಿತು.

ಕೈಯೊಳಗಿನ ಫೋನು

ಹಳೆಯ ಬುರುಡೆಗಳ ವಿಷಯದಲ್ಲಿ ಇಷ್ಟು ಜಾಗರೂಕತೆ ಏಕೆಂದು ಯಾರಾದರೂ ಕೇಳಬಹುದು. ಸತ್ತವರ ವಿಷಯದಲ್ಲಿ ಕಲಿತ ಈ ಅಭ್ಯಾಸವೇ ಬದುಕಿರುವವರ ಪ್ರಾಣವನ್ನು ಕಾಯುತ್ತದೆ. 2018ರಲ್ಲಿ ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ವದಂತಿಯು ಫೋನಿನಿಂದ ಫೋನಿಗೆ ಹಬ್ಬಿ ದೇಶದ ಅನೇಕ ಕಡೆ ಕೊಲೆಗಳಿಗೆ ಕಾರಣವಾಯಿತು. ಆ ವರ್ಷದ ಜುಲೈ 13ರಂದು ನಮ್ಮದೇ ರಾಜ್ಯದ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನು ಇಂಥ ವದಂತಿಯನ್ನು ನಂಬಿದ ಗುಂಪಿನ ಏಟಿಗೆ ಬಲಿಯಾದನು. ಅವನ ಸಂಗಡಿಗರು ಗಾಯಗೊಂಡರು. ಅವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟುದೇ ಸಂಶಯಕ್ಕೆ ಕಾರಣವಾಯಿತೆಂದು ವರದಿಯಾಯಿತು.

ಆ ದಿನಗಳಲ್ಲಿ ಬಹಳವಾಗಿ ಹರಿದಾಡಿದ ಒಂದು ದೃಶ್ಯದಲ್ಲಿ ಇಬ್ಬರು ಬೈಕಿನ ಮೇಲೆ ಬಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದರ ಮೂಲವನ್ನು ಹುಡುಕಿದವರಿಗೆ ತಿಳಿದುದೇನು? ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಪಾಲಕರನ್ನು ಎಚ್ಚರಿಸಲು ಮಾಡಿದ ಅಭಿನಯದ ಚಿತ್ರ. ಮಗುವನ್ನು ಮರಳಿ ತಂದುಬಿಟ್ಟು, ಎಚ್ಚರಿಕೆಯ ಮಾತನ್ನು ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಪುಸ್ತಕದ ಶೀರ್ಷಿಕೆ ಪುಟವನ್ನು ಹರಿದು ತೆಗೆದಂತೆಯೇ ಇದು. ಯಾರು ಮಾಡಿದರು, ಎಲ್ಲಿ, ಯಾವಾಗ ಎಂಬ ಗುರುತುಗಳು ಅಳಿಸಿಹೋದವು. ಉಳಿದುದು ಭಯ ಮಾತ್ರ.

ಇಂಥ ಸಂದೇಶವನ್ನು ಪರೀಕ್ಷಿಸುವ ಬಗೆಯನ್ನು ಕುರಿತು ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಕುತೂಹಲಕರವಾಗಿದೆ. ಹತ್ತು ಮಂದಿ ಇತಿಹಾಸಕಾರರು, ಸುದ್ದಿಯ ಸತ್ಯಾಸತ್ಯವನ್ನು ಪರಿಶೀಲಿಸುವ ಹತ್ತು ಮಂದಿ ವೃತ್ತಿನಿರತರು ಮತ್ತು ಇಪ್ಪತ್ತೈದು ವಿದ್ಯಾರ್ಥಿಗಳಿಗೆ ಅಂತರ್ಜಾಲದ ಪುಟಗಳನ್ನು ತೋರಿಸಿ, ನಂಬಲರ್ಹವಾದುದನ್ನು ಗುರುತಿಸಲು ಹೇಳಲಾಯಿತು. ಇತಿಹಾಸಕಾರರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಅನೇಕರು ಆ ಪುಟವನ್ನೇ ಮೇಲಿನಿಂದ ಕೆಳಗೆ ಓದಿ, ಅದರ ಅಂದಚೆಂದಕ್ಕೆ ಮೋಸಹೋದರು. ಪರಿಶೀಲಕರಾದರೋ ಪುಟವನ್ನು ಬೇಗನೆ ಬಿಟ್ಟು, ಅದರ ವಿಷಯದಲ್ಲಿ ಬೇರೆಯವರು ಏನು ಹೇಳಿರುವರೆಂದು ನೋಡಿ, ಕಡಿಮೆ ವೇಳೆಯಲ್ಲಿ ಸರಿಯಾದ ತೀರ್ಮಾನಕ್ಕೆ ಬಂದರು. ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ವರನ ಮನೆಯವರ ಮಾತನ್ನಷ್ಟೇ ನೆಚ್ಚದೆ, ಊರ ನಾಲ್ಕು ಮಂದಿಯನ್ನು ವಿಚಾರಿಸುತ್ತಾರಷ್ಟೆ! ಆ ವಿವೇಕವನ್ನೇ ಫೋನಿನ ಸಂದೇಶಕ್ಕೂ ಅನ್ವಯಿಸಬೇಕು.

ಈಚೆಗೆ ಪ್ರಶ್ನೆ ಕೇಳಿದೊಡನೆ ಸರಾಗವಾಗಿ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳೂ ಬಂದಿವೆ. ಅವುಗಳ ಭಾಷೆ ಎಷ್ಟು ನಯವಾಗಿದ್ದರೂ ಉತ್ತರವು ತಪ್ಪಾಗಿರಲು ಸಾಧ್ಯ. ಹೇಳಿದ ಆಕರವೇ ಇಲ್ಲದಿರಲೂ ಸಾಧ್ಯ. ಆದುದರಿಂದ ಅಲ್ಲಿಯೂ ಅದೇ ಪ್ರಶ್ನೆ: ಹೇಗೆ ತಿಳಿಯಿತು?

ಈ ವಿದ್ಯೆಯನ್ನು ಕಲಿಸಬಹುದೆ?

ಹಳ್ಳಿಯ ಮಕ್ಕಳಿಗೆ ಇದೆಲ್ಲ ಹೊರೆಯಾದೀತೆಂಬ ಆಕ್ಷೇಪಣೆಗೆ ಅನುಭವವೇ ಉತ್ತರ ಕೊಟ್ಟಿದೆ. ಕೇರಳದ ಕಣ್ಣೂರು ಜಿಲ್ಲೆಯಲ್ಲಿ 2018ರ ಹೊತ್ತಿಗೆ ಸುಮಾರು 150 ಸರಕಾರಿ ಶಾಲೆಗಳಲ್ಲಿ ಸುಳ್ಳುಸುದ್ದಿಯನ್ನು ಗುರುತಿಸುವ ಪಾಠಗಳನ್ನು ಜಿಲ್ಲಾಡಳಿತವು ಏರ್ಪಡಿಸಿತ್ತು. ಬಿಹಾರದಲ್ಲಿ ನಡೆದ ಪ್ರಯೋಗವು ಇನ್ನೂ ವಿಸ್ತಾರವಾದುದು. ಅಲ್ಲಿಯ 583 ಗ್ರಾಮಗಳ 13,000ಕ್ಕೂ ಹೆಚ್ಚು ಪ್ರೌಢಶಾಲಾ ವಯಸ್ಸಿನ ವಿದ್ಯಾರ್ಥಿಗಳನ್ನು ಎರಡು ಪಂಗಡಗಳಾಗಿ ಹಂಚಿ, ಗ್ರಾಮೀಣ ಗ್ರಂಥಾಲಯಗಳಲ್ಲಿಯೇ ಒಂದು ಪಂಗಡಕ್ಕೆ ಆರೋಗ್ಯದ ವಿಷಯದ ತಪ್ಪು ಮಾಹಿತಿಯನ್ನು ಪರೀಕ್ಷಿಸುವ ನಾಲ್ಕು ಪಾಠಗಳನ್ನು ಕಲಿಸಲಾಯಿತು. ಇನ್ನೊಂದು ಪಂಗಡಕ್ಕೆ ಇಂಗ್ಲಿಷ್ ಪಾಠಗಳನ್ನು ಹೇಳಲಾಯಿತು. ಮೊದಲ ಪಂಗಡದವರು ಸತ್ಯವನ್ನೂ ಸುಳ್ಳನ್ನೂ ಬೇರ್ಪಡಿಸುವುದರಲ್ಲಿ ಮುಂದಾದರು. ನಾಲ್ಕು ತಿಂಗಳ ತರುವಾಯ ನೋಡಿದಾಗಲೂ ಆ ಗುಣ ಉಳಿದಿತ್ತು. ಅದಕ್ಕಿಂತ ಸಂತೋಷದ ಸಂಗತಿಯೆಂದರೆ, ಪಾಠಕ್ಕೆ ಬಾರದ ಅವರ ತಂದೆತಾಯಿಗಳಲ್ಲಿಯೂ ಆ ಪರಿಣಾಮ ಕಂಡುಬಂದುದು. ಮಗುವಿಗೆ ಕಲಿಸಿದ ಪಾಠ ಮನೆಗೆ ಹೋಗಿ ಮುಟ್ಟಿತ್ತು.

ಇದಕ್ಕೆ ಹೊಸ ಕಟ್ಟಡ ಬೇಡ, ಹೆಚ್ಚು ಹಣ ಬೇಡ. ವಾರಕ್ಕೊಂದು ಅವಧಿ, ತೆರೆದ ಕಪಾಟು, ಪ್ರತಿ ಮಗುವಿಗೂ ಒಂದು ನೋಟುಬುಕ್ಕು ಇದ್ದರೆ ಸಾಕು. ಪ್ರಶ್ನೆಗಳು ಊರಿನವೇ ಆಗಿರಲಿ. ಬೆಣ್ಣಿಹಳ್ಳಕ್ಕೆ ಹಠಾತ್ತಾಗಿ ಹೊಳೆ ಬರುವುದೇಕೆ? ಕಲಘಟಗಿಯ ತೊಟ್ಟಿಲಿನ ಬಣ್ಣ ಯಾವುದರಿಂದ ಆಗುತ್ತದೆ? ಕುಂದಗೋಳದ ಸವಾಯಿ ಗಂಧರ್ವರು ಹುಟ್ಟಿದ ವರ್ಷ ಯಾವುದು? ಹೊಲದಲ್ಲಿ ಹಾವು ಕಚ್ಚಿದರೆ ಮೊದಲು ಮಾಡಬೇಕಾದುದೇನು? ಪ್ರತಿಯೊಂದಕ್ಕೂ ಕನಿಷ್ಠ ಎರಡು ಆಕರಗಳನ್ನು ನೋಡಬೇಕು. ಉತ್ತರದ ಕೆಳಗೆ ಬರೆದವರ ಹೆಸರು, ಪುಸ್ತಕದ ಹೆಸರು, ವರ್ಷ, ಪುಟ ಇವುಗಳನ್ನು ಬರೆಯಬೇಕು. ಎರಡು ಆಕರಗಳು ಒಪ್ಪದಿದ್ದರೆ ಅದನ್ನೂ ಬರೆಯಬೇಕು. ಪುಸ್ತಕದ ಸಾಲನ್ನು ನಕಲು ಮಾಡದೆ ತನ್ನ ಮಾತಿನಲ್ಲಿ ಬರೆಯಬೇಕು. ತೊಟ್ಟಿಲು ಮಾಡುವ ಬಡಿಗರೂ ಜಮಖಾನ ನೆಯ್ಯುವ ತಾಯಂದಿರೂ ಆಕರಗಳೇ. ಅವರ ಮಾತನ್ನೂ ಕೇಳಿದ ದಿನಾಂಕದೊಡನೆ ಗುರುತಿಸಿಕೊಳ್ಳಬೇಕು.

ಈ ಪ್ರಶ್ನೆಗಳಲ್ಲಿ ಕೊನೆಯದು ಪರೀಕ್ಷೆಯ ಅಂಕಗಳಿಗಿಂತ ದೊಡ್ಡದು. ಹಾವಿನ ವಿಷ ಏರಿದವನಿಗೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವೇ ನಿಜವಾದ ಚಿಕಿತ್ಸೆ. ಕಚ್ಚಿದ ಜಾಗವನ್ನು ಕೊಯ್ಯುವುದು, ಬಾಯಿಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಅಪಾಯಕರ. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು 2024ರಲ್ಲಿ ನಮ್ಮ ರಾಜ್ಯ ಸರಕಾರವು ಘೋಷಿಸಿತು. ಇದನ್ನು ನಂಬಲರ್ಹವಾದ ಎರಡು ಆಕರಗಳಿಂದ ತಾನೇ ಹುಡುಕಿ ಬರೆದ ಮಗುವು, ಅಂಥ ರಾತ್ರಿ ಬಂದಾಗ, “ಅಪ್ಪಾ, ಮಂತ್ರ ಹಾಕ್ಸೂದು ಬ್ಯಾಡ, ದವಾಖಾನಿಗೆ ಹೋಗೂಣು” ಎಂದು ಧೈರ್ಯವಾಗಿ ಹೇಳಬಲ್ಲದು; ಏಕೆ ಎಂದು ಕೇಳಿದರೆ ನೋಟುಬುಕ್ಕನ್ನು ತೆರೆದು ತೋರಿಸಬಲ್ಲದು.

ಅಣ್ಣಿಗೇರಿಯ ಮಣ್ಣಿನಲ್ಲಿ ದೊರೆತವರು ತಮ್ಮ ಕಥೆಯನ್ನು ತಾವೇ ಹೇಳಲಾರರು. ಅವರ ಪರವಾಗಿ ಮಾತಾಡುವವರು ಎಚ್ಚರದಿಂದ ಮಾತಾಡಬೇಕೆಂಬುದು ಅವರಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ. ಆ ಎಚ್ಚರವನ್ನು ಕಲಿಸುವ ಸ್ಥಳವು ಊರಿನಲ್ಲಿಯೇ ಇದೆ. ನಮ್ಮ ಶಿಕ್ಷಕರು ಮುಂದಿನ ಶನಿವಾರ ಕಪಾಟಿನ ಬೀಗವನ್ನು ತೆಗೆದು, ಕೀಲಿಕೈಯನ್ನು ಮಕ್ಕಳಲ್ಲಿ ಒಬ್ಬರ ಕೈಗೆ ಕೊಟ್ಟು ಈ ಪಾಠವನ್ನು ಆರಂಭಿಸಬಹುದು.